ಗೋಡೆಗೆ ‘ಗೋಡೆ’ ಅಂತ ಚೀಟಿ

ನಮ್ಮ ಸರ್ಕಾರಿ ಶಾಲೆಗಳ ಒಂದನೇ ಕ್ಲಾಸಿನಲ್ಲಿ ಇನ್ನು ಹೆಸರಿಲ್ಲದ ವಸ್ತು ಸಿಗುವುದು ಕಷ್ಟ. ಬಾಗಿಲಿಗೆ ‘ಬಾಗಿಲು’, ಕುರ್ಚಿಗೆ ‘ಕುರ್ಚಿ’, ಗೋಡೆಗೆ ‘ಗೋಡೆ’. ಗೋಡೆ ಯಾವುದು ಅಂತ ತಿಳಿಯದೆ ಇಷ್ಟು ದಿನ ಎಷ್ಟು ಮಕ್ಕಳು ಹೋಗಿ ಗುದ್ದಿಕೊಂಡರೋ, ಪಾಪ. ಎಲ್ಲಿ ನೋಡಿದರೂ ಅಕ್ಷರ ಕಂಡರೆ ಮಗು ಓದು ಕಲಿಯುತ್ತದೆ ಅನ್ನುವ ಲೆಕ್ಕ; ಇದಕ್ಕೆ ‘ಮುದ್ರಣ ಸಮೃದ್ಧ ವಾತಾವರಣ’ ಅಂತ ಹೆಸರು. 2021ರಲ್ಲಿ ಚಿಕ್ಕ ಮಕ್ಕಳಿಗೆ ಓದು, ಲೆಕ್ಕ ಕಲಿಸುವ ಕೇಂದ್ರದ ಯೋಜನೆ ನಿಪುಣ್ ಭಾರತ್ ಬಂದ ಮೇಲಂತೂ ಈ ಮಾತು ಜಾಸ್ತಿಯೇ ಕೇಳಿಸುತ್ತಿದೆ. ಸ್ಕೆಚ್ ಪೆನ್ನು, ಲ್ಯಾಮಿನೇಷನ್ನಿನ ಖರ್ಚು ಎಷ್ಟೋ ಕಡೆ ಟೀಚರ್ ಪರ್ಸಿನದು. ಫೋಟೋ ಮಾತ್ರ ವಾಟ್ಸಾಪ್ ಗ್ರೂಪಿನದು.

ಚೀಟಿ ಅಂಟಿಸುವ ಎತ್ತರ ಗಮನಿಸಿದ್ದೀರಾ? ಸರಿಯಾಗಿ ನೋಡಲು ಬರುವ ಸಾಹೇಬರ ಕಣ್ಣಿನ ಮಟ್ಟ. ಆರು ವರ್ಷದ ಮಗು ಕತ್ತೆತ್ತಿದರೆ ಕಾಣುವುದು ಲ್ಯಾಮಿನೇಷನ್ ಮೇಲೆ ಮಿಂಚುವ ಟ್ಯೂಬ್‌ಲೈಟು.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ, ಚಟುವಟಿಕೆ ಮಾಡುತ್ತಾ ಕಲಿಯುವ ನಲಿ-ಕಲಿ ಪದ್ಧತಿ ಶುರುವಾದಾಗ ಇದನ್ನೆಲ್ಲ ಯೋಚಿಸಿದವರು ಇದ್ದರು. ಅಆಇಈ ಬಿಟ್ಟು ರ, ಗ, ಸ, ದ, ಅ ಅಂತ ಹೊರಟರೆ ಐದೇ ಅಕ್ಷರಕ್ಕೆ ‘ಸರ’, ‘ಅರಸ’, ‘ಗರಗಸ’ ಓದಬಹುದು. ಇಷ್ಟು ಬೇಗ ಗರಗಸ ಓದುವ ಮಗು ಬೇರೆ ಎಲ್ಲಾದರೂ ಇದೆಯೋ ಇಲ್ಲವೋ! ಗೋಡೆಯ ಕೆಳಗೆ ಮಕ್ಕಳ ಕೈಗೆ ಎಟುಕುವ ಸ್ಲೇಟು, ಮೇಲೆ ಮಕ್ಕಳು ಮಾಡಿದ್ದನ್ನು ನೇತುಹಾಕುವ ದಾರದ ಚಪ್ಪರ. ಈಗ ಎಷ್ಟೋ ಕಡೆ ಆ ಚಪ್ಪರದಲ್ಲಿ ಧೂಳು ನೇತಾಡುತ್ತಿದೆ.

ಚೀಟಿ ತಾನಾಗಿ ಓದು ಕಲಿಸಲ್ಲ ಸ್ವಾಮಿ. ಯಾರಾದರೂ ಪಕ್ಕದಲ್ಲಿ ಕೂತು, ‘ಕಿಟಕಿ’ ಮೇಲೆ ಬೆರಳಿಟ್ಟು, ಇದರಲ್ಲಿ ‘ಕಿ’ ಎಲ್ಲಿದೆ ಪುಟ್ಟಾ ಅಂತ ಕೇಳಬೇಕು. ಎರಡನೇ ‘ಕಿ’ ಸಿಕ್ಕಾಗ ಮಗುವಿನ ಮುಖ ನೋಡಬೇಕು! ಆದರೆ ಕೇಳುವ ಟೀಚರ್ ಎಲ್ಲಿ? ಒಂದು, ಎರಡು, ಮೂರನೇ ಕ್ಲಾಸು ಒಂದೇ ಕೋಣೆಯಲ್ಲಿ, ಜೊತೆಗೆ ಬಿಸಿಯೂಟ, ಮೊಟ್ಟೆ ಲೆಕ್ಕ, ಮತದಾರರ ಪಟ್ಟಿ. 2025ರ ದಸರಾದಲ್ಲಿ ಜಾತಿ ಸಮೀಕ್ಷೆ ಬೇರೆ. ಅಲ್ಲೂ ಚೀಟಿಯೇ: ಮೀಟರ್ ರೀಡರ್‌ಗಳು ಮನೆಮನೆಗೆ ಸ್ಟಿಕ್ಕರ್ ಅಂಟಿಸಿ ಹೋದರು, ಮೇಷ್ಟ್ರುಗಳು ಅದನ್ನು ಹುಡುಕಿಕೊಂಡು ಬಿಸಿಲಲ್ಲಿ ಬೀದಿ ಸುತ್ತಿದರು. ಸಮೀಕ್ಷೆ ಮುಗಿಯದೆ ರಜೆಯನ್ನೇ ಅಕ್ಟೋಬರ್ 18ರ ತನಕ ಎಳೆದರು. ಅಷ್ಟೂ ದಿನ ಕ್ಲಾಸಿನ ‘ಕುರ್ಚಿ’ ಚೀಟಿ ಅಂಟಿಸಿಕೊಂಡು ಖಾಲಿ ಕೂತಿತ್ತು.

ಇನ್ನೊಂದು ಚೀಟಿ ಬೀರುವಿನ ಮೇಲಿದೆ, ‘ಗ್ರಂಥಾಲಯ’ ಅಂತ. ಒಳಗೆ ಬಣ್ಣಬಣ್ಣದ ಕಥೆ ಪುಸ್ತಕ, ಹೊರಗೆ ಬೀಗ. ಪುಸ್ತಕ ಹರಿದರೆ ಲೆಕ್ಕ ಯಾರು ಕೊಡೋದು ಅನ್ನುವ ಭಯ. ಹರಿದರೆ ಹರಿಯಲಿ ಬಿಡ್ರೀ! ಆ ಪುಸ್ತಕ ತರಿಸಿದ್ದು ಮಕ್ಕಳಿಗೋ, ಸ್ಟಾಕ್ ರಿಜಿಸ್ಟರಿಗೋ? ಮೊದಲು ಆ ಬೀಗ ತೆಗೀರಿ.