ಪೂರ್ಣಿಮೆಗೆ ಬೇಕಾದ ಅಮಾವಾಸ್ಯೆ

ಚಿಕ್ಕಬಳ್ಳಾಪುರದಲ್ಲಿ ಮನೆ ಮಾಡಿಕೊಂಡು ಸೇವಂತಿಗೆ ಬೆಳೆಯಲು ಬರಲಿಲ್ಲ ಎನ್ನುವವನು ಆಗುಂಬೆಯಲ್ಲಿದ್ದು ಕೊಡೆ ಕಂಡಿಲ್ಲ ಎನ್ನುವವನಿಗೆ ಸಮ. ಊರ ಸುತ್ತ ಹೂವಿನ ಹೊಲಗಳಿವೆ. ಬೆಳಗಿನ ಜಾವ ಮಾರುಕಟ್ಟೆಗೆ ಹೋದರೆ ಚೆಂಡುಹೂವು, ಗುಲಾಬಿ, ಸೇವಂತಿಗೆಗಳು ಮೂಟೆಗಟ್ಟಲೆ ಬಿದ್ದಿರುತ್ತವೆ. ಇಂಥ ಊರಿನಲ್ಲಿ ಆಯುಧಪೂಜೆಯ ದಿನ ಸ್ಕೂಟರಿಗೆ ಹಾಕುವ ಒಂದು ಮಾರು ಹೂವಿಗಾಗಿ ಪ್ರತಿವರ್ಷ ಚೌಕಾಸಿ ಮಾಡಿ ಸೋಲುವುದು ನನಗೆ ಸಾಕಾಗಿತ್ತು.

ಹೂವಿನ ವಿಷಯದಲ್ಲಿ ನಾನು ಪೂರ್ತಿ ಹೊಸಬನೇನೂ ಆಗಿರಲಿಲ್ಲ. ಅದೇ ಜನವರಿಯಲ್ಲಿ ಲಾಲ್‌ಬಾಗಿನ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನಕ್ಕೆ ಹೋಗಿ, ಮರುಳಾಗಿ, ಹನ್ನೆರಡು ಪೆಟೂನಿಯಾ ಸಸಿಗಳನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದಿದ್ದೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎನ್ನುತ್ತಾರಲ್ಲ, ನನ್ನ ಪೆಟೂನಿಯಾಗಳೂ ಅದರ ಹಿಂದೆಯೇ ಹೊರಟುಹೋದವು. ಬಯಲುಸೀಮೆಯಲ್ಲಿ ಅದನ್ನು ಮಳೆಗಾಲ ಮುಗಿಯುತ್ತಲೇ ನೆಟ್ಟು ಚಳಿಗಾಲದಲ್ಲಿ ಹೂವು ನೋಡಬೇಕೆಂಬುದು ಕುಂಡಗಳು ಖಾಲಿಯಾದ ಮೇಲೆ ತಿಳಿಯಿತು.

ಆ ಖಾಲಿ ಕುಂಡಗಳಿಗೇ ಜೂನ್ ತಿಂಗಳಲ್ಲಿ ಸೇವಂತಿಗೆ ಬಂದಿತು. ನಮ್ಮ ಮನೆಗೆ ಹಾಲು ಹಾಕುವ ರೈತರು ತಮ್ಮ ಹೊಲದಿಂದ ‘ಪೂರ್ಣಿಮಾ’ ಎಂಬ ಬಿಳಿ ತಳಿಯ ಏಳು ಸಸಿ ಕೊಟ್ಟರು. ಕೆಮ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ, ಬೇವಿನ ಹಿಂಡಿ ಹಾಕಿ, ಗಿಡ ಗೇಣುದ್ದವಾದಾಗ ಕವಲೊಡೆಯಲೆಂದು ಸುಳಿ ಚಿವುಟಿ, ಶಾಸ್ತ್ರಪ್ರಕಾರವೇ ನಡೆದುಕೊಂಡೆ. ದಷ್ಟಪುಷ್ಟವಾಗಿದ್ದ ಆರನ್ನು ದಾರಿಹೋಕರಿಗೆ ಕಾಣುವಂತೆ ಕಾಂಪೌಂಡಿನ ಉದ್ದಕ್ಕೂ ಜೋಡಿಸಿದೆ. ಏಳನೆಯದು ನರಪೇತಲವಾಗಿದ್ದುದರಿಂದ ಮಾನ ಉಳಿಸಿಕೊಳ್ಳಲು ಅದನ್ನು ಗೇಟಿನ ಕಂಬದ ಹಿಂದೆ ಸರಿಸಿದೆ.

ಆಗಸ್ಟ್ ತಿಂಗಳಲ್ಲಿ ನಮ್ಮ ಮನೆಯೆದುರಿನ ಕಂಬಕ್ಕೆ ಬೀದಿದೀಪ ಬಂದಿತು. ಅದಕ್ಕಾಗಿ ಅರ್ಜಿ ಬರೆದವನು ನಾನೇ, ಓಡಾಡಿ ಹನ್ನೊಂದು ಮನೆಯವರ ಸಹಿ ಹಾಕಿಸಿದವನೂ ನಾನೇ. ವಾಯುವಿಹಾರದ ನೆಪದಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಬಂದು, ಕತ್ತಲಲ್ಲಿ ಕಂಡವರ ದಾಸವಾಳ ಕಿತ್ತು ತಮ್ಮ ದೇವರಿಗೆ ಏರಿಸುವ ಭಕ್ತಾದಿಗಳ ಕಾಟ ತಪ್ಪಲೆಂಬುದೇ ಅರ್ಜಿಯ ಸಾರಾಂಶ. ದೀಪ ಎಷ್ಟು ಪ್ರಖರವಾಗಿತ್ತೆಂದರೆ, ರಾತ್ರಿ ಹತ್ತಕ್ಕೂ ಗಿಡದ ಎಲೆಯ ನರಗಳನ್ನು ಎಣಿಸಬಹುದಾಗಿತ್ತು. ನಾನು ಸಂತೋಷದಿಂದ ಎಣಿಸಿಯೂ ಇದ್ದೆ.

ಆಯುಧಪೂಜೆ ಬಂದಾಗ ಆರು ಗಿಡಗಳೂ ನನ್ನ ಸೊಂಟದ ಎತ್ತರಕ್ಕೆ, ಹಸಿರೋ ಹಸಿರಾಗಿ ನಿಂತಿದ್ದವು. ಹುಡುಕಿದರೂ ಒಂದು ಮೊಗ್ಗಿರಲಿಲ್ಲ. ಕಂಬದ ಹಿಂದಿನ ನರಪೇತಲ ಮಾತ್ರ ಹದಿನಾಲ್ಕು ಹೂವು ಬಿಟ್ಟಿತ್ತು. ಅದಕ್ಕೆ ಅಕ್ಕಿ ತೊಳೆದ ನೀರು ಹಾಕುತ್ತಿದ್ದವಳು ನನ್ನ ಹೆಂಡತಿಯಾದುದರಿಂದ, “ನಿಮ್ಮ ಗೊಬ್ಬರಕ್ಕೂ ನನ್ನ ಅಕ್ಕಚ್ಚಿಗೂ ಇರೋ ವ್ಯತ್ಯಾಸ ನೋಡಿದ್ರಾ?” ಎಂಬ ಪ್ರಶ್ನೆಯನ್ನು ದೀಪಾವಳಿಯವರೆಗೂ ಬಂದ ನೆಂಟರ ಸಮಕ್ಷಮದಲ್ಲಿ ಎದುರಿಸಬೇಕಾಯಿತು.

ಕೊನೆಗೆ ಹಾಲಿನವರನ್ನೇ ಕೇಳಿದೆ. ಅವರು ಗಿಡ ನೋಡಲಿಲ್ಲ, ತಲೆಯೆತ್ತಿ ದೀಪ ನೋಡಿದರು. ಕ್ಯಾನು ಕೆಳಗಿಟ್ಟು, ಮನಸಾರೆ ನಕ್ಕು, “ಸಾರ್, ಹೂವು ಈಗ್ಲೇ ಬರಬಾರ್ದು ಅಂತ ನಾವು ದುಡ್ಡು ಕೊಟ್ಟು ಹೊಲಕ್ಕೆ ಬಲ್ಬು ಕಟ್ತೀವಿ. ನೀವು ಪುಕ್ಕಟೆ ಬಲ್ಬಿನ ಕೆಳಗೆ ಇಟ್ಟು ಹೂವು ಬರ್ಲಿಲ್ಲ ಅಂತೀರಲ್ಲ!” ಎಂದರು. ರಾತ್ರಿ ಹೊತ್ತು ನಮ್ಮ ಕಡೆಯ ಸೇವಂತಿಗೆ ಹೊಲಗಳಲ್ಲಿ ಸಾಲುಸಾಲಾಗಿ ದೀಪ ಉರಿಯುವುದನ್ನು ಎಷ್ಟೋ ಸಲ ನೋಡಿದ್ದೆ. ನೋಡಿದ್ದಷ್ಟೇ ಅಲ್ಲ, ಅದು ಕಾಡುಹಂದಿ ಓಡಿಸುವ ಉಪಾಯವೆಂದು ಬೆಂಗಳೂರಿನ ಷಡ್ಡಕನಿಗೆ ಅಧಿಕಾರವಾಣಿಯಿಂದ ವಿವರಿಸಿಯೂ ಇದ್ದೆ.

ಸೇವಂತಿಗೆ ಮೊಗ್ಗು ಕಟ್ಟುವುದು ರಾತ್ರಿ ದೀರ್ಘವಾದಾಗ. ಕತ್ತಲು ಸಾಲದಿದ್ದರೆ, ಅಥವಾ ನಡುವೆ ಬೆಳಕು ಬಿದ್ದು ಮುರಿದರೆ, ಇನ್ನೂ ಬೇಸಿಗೆಯೇ ಎಂದುಕೊಂಡು ಬರೀ ಎಲೆ ಬೆಳೆಸುತ್ತದೆ; ದಂಟು ಉದ್ದವಾಗಲೆಂದು, ಹೂವು ಬೇಕಾದ ಕಾಲಕ್ಕೆ ಬರಲೆಂದು ರೈತರು ಅದನ್ನು ಹೀಗೆ ಬೇಕೆಂದೇ ಏಮಾರಿಸುತ್ತಾರೆ. ಹಗಲಿನ ಅಳತೆಗೂ ಹೂವಿಗೂ ಇರುವ ಈ ನಂಟನ್ನು ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ವಿಜ್ಞಾನಿಗಳು 1920ರಲ್ಲಿಯೇ ಪ್ರಕಟಿಸಿದ್ದರು. ನನಗೆ ತಲುಪುವುದು ಒಂದು ಶತಮಾನ ತಡವಾಯಿತು. ನಮ್ಮೂರಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಮೋಟು ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ. ಅಷ್ಟರಲ್ಲಿಯೇ ಲೆಕ್ಕ ಹಾಕುವ ಈ ಗಿಡಕ್ಕೆ ಪೂರ್ಣಿಮಾ ಎಂದು ಹೆಸರಿಟ್ಟವರ ಹಾಸ್ಯಪ್ರಜ್ಞೆಯನ್ನು ಮೆಚ್ಚಲೇಬೇಕು. ಅದಕ್ಕೆ ಬೇಕಾಗಿದ್ದುದು ದಿನಾಲೂ ಅಮಾವಾಸ್ಯೆ.

ದೀಪ ತೆಗೆಸಿರೆಂದು ಮತ್ತೆ ಅರ್ಜಿ ಹಿಡಿದು ಅದೇ ಹನ್ನೊಂದು ಮನೆಗಳ ಬಾಗಿಲು ತಟ್ಟುವ ಧೈರ್ಯ ನನಗಿರಲಿಲ್ಲ. ಆದ್ದರಿಂದ ದೀಪಾವಳಿಯ ಮರುದಿನದಿಂದ ಸಂಜೆ ಆರಕ್ಕೆ ಆರೂ ಗಿಡಗಳ ಸುತ್ತ ಕೋಲು ನೆಟ್ಟು ಎರಡೆರಡು ಗೋಣಿಚೀಲ ಹೊದಿಸುವುದು, ಬೆಳಿಗ್ಗೆ ಏಳಕ್ಕೆ ತೆಗೆಯುವುದು ನನ್ನ ಸಂಧ್ಯಾವಂದನೆಯಾಯಿತು. ಮುಸುಕು ಹಾಕಿ ಸಾಲಾಗಿ ಕುಳಿತ ಆರು ಆಕೃತಿಗಳನ್ನು ಕಂಡು ಬೀದಿನಾಯಿಗಳು ಮೊದಲ ಎರಡು ರಾತ್ರಿ ನಿದ್ರೆ ಮಾಡಲಿಲ್ಲ, ನಮಗೂ ಮಾಡಗೊಡಲಿಲ್ಲ. ಕೋಲಾರದಲ್ಲಿ ಮದುವೆಯಿದ್ದ ಎರಡು ದಿನ ಈ ಕೆಲಸವನ್ನು ಪಕ್ಕದ ಮನೆಯ ಹುಡುಗನಿಗೆ ವಹಿಸಿದ್ದೆ. ಅವನು ಬುದ್ಧಿವಂತ, ಬೆಳಿಗ್ಗೆ ಹೊದಿಸಿ ಸಂಜೆ ತೆಗೆದಿದ್ದ. “ಬಿಸಿಲಿಗೆ ತಾನೆ ಅಂಕಲ್?” ಎಂದು ಅವನು ಕೇಳಿದಾಗ, ಬೇಯಿಸಿದ ಸೊಪ್ಪಿನಂತೆ ಜೋತುಬಿದ್ದಿದ್ದ ಎಲೆಗಳ ಮುಂದೆ ನಿಂತು, ತಪ್ಪು ನನ್ನ ವಿವರಣೆಯದೇ ಎಂದು ಒಪ್ಪಿಕೊಂಡೆ.

ಇಷ್ಟೆಲ್ಲ ಆದರೂ ಗಿಡಗಳು ಕೈಬಿಡಲಿಲ್ಲ. ಡಿಸೆಂಬರಿನಲ್ಲಿ ಬಟಾಣಿ ಕಾಳಿನಷ್ಟು ಮೊಗ್ಗು ಬಂದು, ಸಂಕ್ರಾಂತಿಯ ಹಿಂದಿನ ದಿನ ಆರೂ ಗಿಡಗಳು ಮೊಸರು ಚೆಲ್ಲಿದಂತೆ ಬಿರಿದು ನಿಂತವು. ಬಾಗಿಲಿಗೆ ಎಷ್ಟು, ದೇವರಿಗೆ ಎಷ್ಟು, ಎಳ್ಳು ಬೀರಲು ಹೋಗುವಾಗ ಮುಡಿಗೆ ಎಷ್ಟು ಎಂದು ಹೆಂಡತಿ ಲೆಕ್ಕ ಹಾಕಿದಳು. ಅರಳಿದ ಮೇಲೆ ಇನ್ನೇಕೆ ಮುಸುಕು ಎಂದು ಆ ರಾತ್ರಿ ಗೋಣಿಚೀಲಗಳನ್ನು ಮಡಚಿಟ್ಟೆ.

ಹಬ್ಬದ ಬೆಳಿಗ್ಗೆ ಎದ್ದು ನೋಡಿದಾಗ ಬೀದಿದೀಪ ಇನ್ನೂ ಝಗಝಗಿಸುತ್ತಿತ್ತು. ಗಿಡಗಳಲ್ಲಿ ಒಂದು ಹೂವೂ ಇರಲಿಲ್ಲ. ಒಂದು ರೆಂಬೆ ಮುರಿದಿರಲಿಲ್ಲ, ಒಂದು ಎಲೆ ಉದುರಿರಲಿಲ್ಲ. ಬಿರಿಯದ ಮೊಗ್ಗುಗಳನ್ನು ಮುಟ್ಟದೆ, ಅರಳಿದ್ದನ್ನಷ್ಟೇ ಆರಿಸಿ, ತೊಟ್ಟಿನ ಬುಡಕ್ಕೆ ಸರಿಯಾಗಿ ಚಿವುಟಿದ್ದರು. ಅಷ್ಟು ನಾಜೂಕಿನ ಕೆಲಸ ಕತ್ತಲಲ್ಲಿ ಆಗುವಂಥದ್ದಲ್ಲ.