ಸದ್ದು ಹೊರಗೆ ಬರಲು ಎಷ್ಟು ತೂತು ಸ್ವಾಮೀ?

ಮೂರು ದಿನದಿಂದ ಟೇಬಲ್ ಕೆಳಗೆ ಮಂಡಿಯೂರಿ, ಒಂದು ಕೈಯಲ್ಲಿ ಮೊಬೈಲ್ ಟಾರ್ಚ್ ಹಿಡಿದು ಡೆಸ್ಕ್‌ಟಾಪ್‌ನ ಬೆನ್ನು ನೋಡುತ್ತಿದ್ದೇನೆ. 5.1 ಸ್ಪೀಕರ್ ಸೆಟ್ (ಐದು ಸ್ಪೀಕರ್, ಒಂದು ವೂಫರ್) ತಂದಿದ್ದೇ ತಪ್ಪಾಯಿತು.

ಮೊದಲು ಆಪ್ಟಿಕಲ್ ಕೇಬಲ್ ಹಾಕಿದೆ. ಡಿಜಿಟಲ್ ಅಲ್ವಾ, ಬೆಳಕಿನಲ್ಲಿ ಹೋಗುವ ಸೌಂಡ್ ಅಲ್ವಾ, ಇದೇ ಬೆಸ್ಟ್ ಇರಬೇಕು ಅಂದುಕೊಂಡೆ. ಡಬ್ಬದ ಮೇಲೂ "ಆಪ್ಟಿಕಲ್ 5.1" ಅಂತ ದೊಡ್ಡದಾಗಿ ಬರೆದಿದೆ. ಸಿನಿಮಾ ಹಾಕಿದರೆ ಎಲ್ಲ ಸ್ಪೀಕರ್‌ಗಳೂ ಮಾತಾಡಿದವು, ಖುಷಿಯಾಯಿತು. ಗೇಮ್ ಹಾಕಿದೆ ನೋಡಿ, ಹಿಂದಿನ ಎರಡೂ ಬಾಯಿಗೆ ಬೀಗ ಹಾಕಿಕೊಂಡು ಕೂತವು! ಒಂದು ಸಂಜೆ ಪೂರ್ತಿ ಡ್ರೈವರ್ ತೆಗೆದು, ಹಾಕಿ, ಮತ್ತೆ ತೆಗೆದು, ತಲೆ ಚಚ್ಚಿಕೊಂಡ ಮೇಲೆ ಗೊತ್ತಾಗಿದ್ದು ಏನೆಂದರೆ, ಈ ಕೇಬಲ್‌ನಲ್ಲಿ ಕಂಪ್ರೆಸ್ ಮಾಡದ ಸೌಂಡ್ ಹೋಗುವುದು ಬರೀ ಎರಡು ಚಾನೆಲ್, ಎಡ ಮತ್ತು ಬಲ. ಸಿನಿಮಾದಲ್ಲಿ ಡಾಲ್ಬಿ ಡಿಜಿಟಲ್ ಮೊದಲೇ ಮಡಚಿ ಕಟ್ಟಿಟ್ಟ ಗಂಟು, ಅದಕ್ಕೇ ದಾಟುತ್ತದೆ. ಗೇಮ್‌ನ ಸೌಂಡ್ ಆಡುತ್ತಿರುವಾಗಲೇ ಹುಟ್ಟುವಂಥದ್ದು. ಅದನ್ನು ಅಲ್ಲೇ ಗಂಟು ಕಟ್ಟಿ ಕಳಿಸಲು ಡಾಲ್ಬಿ ಡಿಜಿಟಲ್ ಲೈವ್ ಅಥವಾ ಡಿಟಿಎಸ್ ಕನೆಕ್ಟ್ ಇರಬೇಕು. ನನ್ನ ಮದರ್‌ಬೋರ್ಡ್‌ನಲ್ಲಿ ಎರಡೂ ಇಲ್ಲ. ಅಷ್ಟು ದೊಡ್ಡ ಡಬ್ಬದ ಮೇಲೆ ಇದೊಂದು ಸಾಲು ಬರೆಯಲು ಜಾಗ ಇರಲಿಲ್ವಾ?

ಎಚ್‌ಡಿಎಂಐ ಹಾಕು ಅಂದರು. ಅದರಲ್ಲಿ ಎಂಟು ಚಾನೆಲ್ ಹಾಗೇ ಹೋಗುತ್ತದೆ, ಒಪ್ಪಿದೆ. ಆದರೆ ಹೋಗುವುದು ಎಲ್ಲಿಗೆ? ಮಾನಿಟರ್‌ಗೆ! ಅದರ ಹಿಂದೆ ಇರುವುದು ಒಂದು ಬಡಪಾಯಿ ಹೆಡ್‌ಫೋನ್ ತೂತು, ಅಲ್ಲಿ ಮತ್ತೆ ಎರಡೇ ಚಾನೆಲ್. ನನ್ನ ಸ್ಪೀಕರ್‌ಗೆ ಎಚ್‌ಡಿಎಂಐ ಜಾಗವೇ ಇಲ್ಲ. ಇದರ ಜೊತೆಗೆ ಮಾನಿಟರ್ ನಿದ್ದೆಯಿಂದ ಎದ್ದಾಗಲೆಲ್ಲ ವಿಂಡೋಸ್ ಸೌಂಡನ್ನು ತಾನೇ ಅದರ ಕಡೆ ತಿರುಗಿಸಿಬಿಡುತ್ತದೆ. ಯಾರು ಕೇಳಿದ್ದರು ಇದನ್ನು?

ಕೊನೆಗೆ ಗತಿ ಹಳೇ 3.5 ಎಂಎಂ ಪಿನ್ನೇ. ಸ್ಪೀಕರ್ ವೈರ್‌ಗಳ ಬಣ್ಣ ಹಸಿರು, ಕಪ್ಪು, ಕೇಸರಿ. ಬೋರ್ಡ್‌ನಲ್ಲಿ ಇರುವುದು ಮೂರೇ ತೂತು: ಹಸಿರು, ತಿಳಿನೀಲಿ, ಗುಲಾಬಿ. ಬಣ್ಣ ಕೊಟ್ಟಿದ್ದೇ ತಬ್ಬಿಬ್ಬಾಗಬಾರದು ಅಂತ, ಅಲ್ವಾ? ಸಾಫ್ಟ್‌ವೇರ್‌ನಲ್ಲಿ 5.1 ಅಂತ ಆರಿಸಿದರೆ ನೀಲಿಯೇ ಹಿಂದಿನ ಸ್ಪೀಕರ್, ಮೈಕ್‌ನ ಗುಲಾಬಿಯೇ ಸೆಂಟರ್ ಮತ್ತು ವೂಫರ್. ಹಾಗಾದರೆ ಮೈಕ್ ಎಲ್ಲಿಗೆ ಹೋಗಬೇಕು? ಕೇಸ್‌ನ ಮುಂಭಾಗದ ತೂತಿಗೆ. ಅದರ ವೈರ್ ಕೇಸ್ ಒಳಗೆ ಗ್ರಾಫಿಕ್ಸ್ ಕಾರ್ಡ್ ಪಕ್ಕದಲ್ಲೇ ಹಾದು ಬರುತ್ತದೆ. ಗೇಮ್ ಶುರುವಾದರೆ ನನ್ನ ದನಿಗಿಂತ ಚುಂಯ್ ಅನ್ನುವ ಸದ್ದೇ ಜಾಸ್ತಿ ಅಂತ ಜೊತೆಗೆ ಆಡುವವರು ಬೈಯುತ್ತಾರೆ.

"ಸುಮ್ನೆ ಒಂದು ಯುಎಸ್‌ಬಿ ಡ್ಯಾಕ್ ತಗೊಳ್ಳಿ" ಅನ್ನುವವರಿಗೆ ಮೊದಲೇ ಹೇಳುತ್ತೇನೆ, ಡ್ಯಾಕ್ ಅಂದರೆ ಡಿಜಿಟಲ್ ಸೌಂಡನ್ನು ಸ್ಪೀಕರ್‌ಗೆ ಬೇಕಾದ ಅನಲಾಗ್ ಮಾಡಿಕೊಡುವ ಡಬ್ಬ, ಆದರೆ ಜನ ತೋರಿಸುವ ಡ್ಯಾಕ್‌ಗಳು ಹೆಚ್ಚಿನವು ಎರಡೇ ಚಾನೆಲ್‌ನವು, ಲಿಂಕ್ ಕಳಿಸಬೇಡಿ.

ಈಗ ಎಲ್ಲ ಸ್ಪೀಕರ್‌ಗಳೂ ಕೆಲಸ ಮಾಡುತ್ತಿವೆ, ಗೇಮ್‌ನಲ್ಲೂ. ಆದರೆ ಹಾಡು ನಿಲ್ಲಿಸಿದ ಕೂಡಲೇ ಗುಂಯ್ ಅಂತ ಗ್ರೌಂಡ್ ಲೂಪ್ (ಎರಡು ಸಾಧನಗಳ ಅರ್ತ್ ನಡುವೆ ಕರೆಂಟ್ ಹರಿದು ಬರುವ ಸದ್ದು) ಶುರು. ಆಪ್ಟಿಕಲ್‌ನಲ್ಲಿ ವಿದ್ಯುತ್ ದಾಟುವುದೇ ಇಲ್ಲವಲ್ಲ, ಆಗ ಈ ಕಾಟ ಇರಲಿಲ್ಲ. ಬಿಚ್ಚಿಟ್ಟ ಆ ಕೇಬಲ್‌ನ ತುದಿ ಟೇಬಲ್ ಕೆಳಗೆ ಇನ್ನೂ ಕೆಂಪಗೆ ಮಿನುಗುತ್ತಾ ಬಿದ್ದಿದೆ.