ಟೆಂಡರಿಗೂ ಮೊದಲು ಅಜ್ಜನ ದಾಖಲೆ

ಕೇಂದ್ರ ಸರ್ಕಾರದ ಇಲಾಖೆಗಳೂ ಸಾರ್ವಜನಿಕ ಉದ್ದಿಮೆಗಳೂ ತಮ್ಮ ವಾರ್ಷಿಕ ಖರೀದಿಯ ಶೇ. 25ರಷ್ಟನ್ನು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ, ಅದರೊಳಗೆ ಶೇ. 4ರಷ್ಟನ್ನು ಪರಿಶಿಷ್ಟ ಜಾತಿ, ಪಂಗಡದವರ ಉದ್ಯಮಗಳಿಂದ ಕೊಳ್ಳಬೇಕೆಂಬ ನೀತಿಯಿದೆ. ಟೆಂಡರ್ ಪತ್ರ ಉಚಿತ, ಟೆಂಡರಿನ ಜೊತೆ ಕಟ್ಟಬೇಕಾದ ಮುಂಗಡ ಠೇವಣಿಯಿಂದಲೂ (ಇಎಂಡಿ) ವಿನಾಯಿತಿ. ಸಣ್ಣ ಉದ್ಯಮವೆಂದು ಗುರುತಿಸಿಕೊಳ್ಳಲು ಬೇಕಾದ ‘ಉದ್ಯಮ್’ ನೋಂದಣಿಯಂತೂ ಆಧಾರ್, ಪ್ಯಾನ್ ಇದ್ದರೆ ಖರ್ಚಿಲ್ಲದೆ ಮುಗಿಯುತ್ತದೆ. ತೊಡಕೆಲ್ಲ ಜಾತಿ ಪ್ರಮಾಣಪತ್ರದ ಹತ್ತಿರ.

ಪುಣೆಯ ಭೋಸರಿಯಲ್ಲಿ ಎರಡು ಲೇಥ್ ಹಾಕಿಕೊಂಡು ಬೋಲ್ಟು, ಬುಷ್ ಮಾಡಿಕೊಡುವ ನಮ್ಮ ಭಾವನವರದು ವಿಜಯಪುರ ಜಿಲ್ಲೆಯಿಂದ ಬಂದ ಕುಟುಂಬ. ಕಚೇರಿಯೊಂದರ ಗುಮಾಸ್ತರು ತಹಶೀಲ್ದಾರರ ಮೊಹರಿದ್ದ ಪತ್ರವನ್ನು ಒಮ್ಮೆ ಮಗುಚಿ ನೋಡಿ, ಪರಿಶಿಷ್ಟ ಜಾತಿಗಳ ಪಟ್ಟಿಯ ಆದೇಶ ಹೊರಬಿದ್ದ 1950ರ ಆಗಸ್ಟ್ 10ಕ್ಕೂ ಹಿಂದೆ ಮಹಾರಾಷ್ಟ್ರದಲ್ಲಿ ವಾಸವಿದ್ದುದರ ದಾಖಲೆ ತರಲು ಹೇಳಿ, ಅದನ್ನು ಹಾಗೆಯೇ ಕಿಟಕಿಯಿಂದ ಹೊರಗೆ ಸರಿಸಿದರು. ಅಜ್ಜ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ತುಂಡು ಜಮೀನೂ ಇಲ್ಲದ ಕೂಲಿಯವರ ಹೆಸರು ಪಹಣಿಯಲ್ಲಿ ಎಲ್ಲಿಂದ ಬರಬೇಕು?

ವಲಸೆ ಬಂದ ಪರಿಶಿಷ್ಟರಿಗೆ ಮಹಾರಾಷ್ಟ್ರ ಸರ್ಕಾರದ ಮೀಸಲು ಸೌಲಭ್ಯ ಸಿಗದೆಂಬುದನ್ನು ನಾವು ಬಲ್ಲೆವು. ಅದನ್ನು ನಾವು ಕೇಳಿಯೂ ಇಲ್ಲ. ಕೇಳುತ್ತಿರುವುದು ಕೇಂದ್ರದ ನೀತಿಯ ಪಾಲನ್ನು. ಈ ವ್ಯತ್ಯಾಸವನ್ನು ಎಷ್ಟು ವಿವರಿಸಿದರೂ ಕಿವಿಗೆ ಹಾಕಿಕೊಳ್ಳುವವರಿಲ್ಲ, ಟೆಂಡರಿನ ಗಡುವು ಮಾತ್ರ ಮೀರಿಹೋಗುತ್ತದೆ, ಕೆಲಸ ಬಂಡವಾಳವಿದ್ದವರ ಪಾಲಾಗುತ್ತದೆ. ನಮ್ಮ ನಾಡಕಚೇರಿ ಕೊಟ್ಟ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆಯನ್ನು (ಪತ್ರದ ಗುರುತು ಸಂಖ್ಯೆ) ಹಾಕಿ ಆನ್‌ಲೈನಿನಲ್ಲಿ ಕೂತಲ್ಲೇ ತಾಳೆ ನೋಡಬಹುದಾಗಿರುವಾಗ, ದಿನದ ದುಡಿಮೆಯನ್ನೇ ನಂಬಿದವರನ್ನು ಹೀಗೆ ಅಲೆದಾಡಿಸುವುದು ಶುದ್ಧ ಅನ್ಯಾಯ.